ಹುಳಿ ಎಲ್ಲಿ ಹೋತ್ರಿ

ಇಪ್ಪತ್ತು ವರ್ಷ ನಾಟಕ ಕಂಪನಿಯಲ್ಲಿ ಖಳನಾಯಕ ನಾನು.
ಕಂಪನಿ ಮುಳುಗಿದ ಮೇಲೆ ಯಾರೋ ಬಿಳಿ ಕೋಟು ತೊಡಿಸಿ
ಪ್ರೊಫೆಸರ್ ಪಟಾಕಿ ಅಂತ ಹೆಸರಿಟ್ಟರು.
ಟೋಪನ್ ಮಾತ್ರ ಹಳೆಯದೇ, ಯಾವುದೋ ರಾಕ್ಷಸನದು,
ಬಣ್ಣ ಬಳಿದು ಬೆಳ್ಳಗೆ ಮಾಡಿದ್ದು.

ದಿನಕ್ಕೆರಡು ಶಾಲೆ. ವ್ಯಾನು ಖಾಜಾಹುಸೇನನದು.
ದೇವದುರ್ಗ, ಸಿರವಾರ, ಮಾನ್ವಿ, ಇವತ್ತು ಕವಿತಾಳ.
ಈ ಬಿಸಿಲಿಗೆ ಬಲೂನು
ನನ್ನ ಮಾತಿಗಿಂತ ಮೊದಲೇ ಒಡೆಯುತ್ತದೆ.

ಕೆಂಪು ಬೆರೆಸಿದ ವಿನೆಗರ್, ಒಂದು ಮುಷ್ಟಿ ಅಡುಗೆ ಸೋಡಾ,
ಮಣ್ಣಿನ ಗುಡ್ಡದ ಬಾಯಿಂದ ಬುಸ್ಸಂತ ನೊರೆ.
"ನೋಡಿರಿ ಜ್ವಾಲಾಮುಖಿ!" ನನ್ನ ಹಳೆಯ ಅಟ್ಟಹಾಸ.
ನಾನೂರು ಮಕ್ಕಳ ಚಪ್ಪಾಳೆಗೆ
ತಗಡಿನ ಮೇಲಿನ ಪಾರಿವಾಳಗಳೆಲ್ಲ ಎದ್ದವು.
ಅಮರೇಗೌಡ ಮೇಷ್ಟ್ರ ಕಣ್ಣಲ್ಲೂ ನೀರು, ನಕ್ಕು ನಕ್ಕು.

ಹೋದ ವರ್ಷವೂ ಇದೇ ಶಾಲೆ.
ಆಗ ನೋಡಿದ್ದು ಏನು ನೆನಪಿದೆ ಅಂದರೆ
ಏಳನೇ ಕ್ಲಾಸಿನವರು ಒಟ್ಟಿಗೆ ಕೂಗಿದರು:
"ನಿಮ್ ಕೂದ್ಲ ಕಳಚಿ ಬಿದ್ದಿತ್ತಲ್ರೀ ಸರ!"
ನಕ್ಕೆ. ನಗಿಸುವುದೇ ಕಸುಬು.
ಸುಳ್ಳು ಯಾಕೆ, ಸ್ವಲ್ಪ ಕೆಟ್ಟೆನಿಸಿತು.

ಆಟ ಮುಗಿದು, ಬಿಸಿಯೂಟದ ಸಾಲು ಕರಗಿ,
ಪರದೆ ಹಿಂದೆ ಸಾಮಾನು ಕಟ್ಟುತ್ತಿದ್ದೆ.
ಅಡುಗೆಯಾಕೆಯ ಮಗಳು ಹುಲಿಗೆಮ್ಮ,
ಬೋಗುಣಿ ತೊಳೆಯಲು ನಿಂತವಳು,
ಇಡೀ ಆಟ ಹಿಂದಿನಿಂದಲೇ ನೋಡಿದವಳು,
ಬಾಟಲಿ, ಪುಡಿ, ನನ್ನ ನಡುಗುವ ಕೈ ಎಲ್ಲ ಕಂಡವಳು,
ಬೆರಳು ನೆಕ್ಕುತ್ತ ಕೇಳಿದಳು:
"ಮೊದಲ ನೆಕ್ಕಿದಾಗ ಹಲ್ಲು ಜುಮ್ಮ್ ಅಂದ್ವುರಿ.
ಉಕ್ಕಿದ ಮ್ಯಾಲ ನೋಡಿದರ ಬರೇ ಉಪ್ಪುಪ್ಪು.
ಹುಳಿ ಎಲ್ಲಿ ಹೋತ್ರಿ?"

ನನ್ನ ಪಾತ್ರದಲ್ಲಿ ಇದಕ್ಕೆ ಮಾತು ಬರೆದಿರಲಿಲ್ಲ.
ಅಟ್ಟಹಾಸ ಮಾಡಿದೆ. ಅವಳು ನಗಲಿಲ್ಲ.
ಕಾದಳು. ಕಾದು ಕಾದು
ಬೋಗುಣಿ ಎತ್ತಿಕೊಂಡು ನಲ್ಲಿಯ ಕಡೆ ಹೋದಳು.

ಸಿಂಧನೂರಿನ ದಾರಿಯಲ್ಲಿ, ಭತ್ತದ ಲಾರಿಗಳ ಹಿಂದೆ,
ಖಾಜಾನನ್ನು ಕೇಳಿದೆ.
"ಹುಳಿಯೇನ್ರಿ? ಗಾಳಿಗೆ ಹೋಗಿರತೈತಿ ಬಿಡ್ರಿ."
ಗಾಳಿಗೆ ಹೋಗಿದ್ದರೆ ಗಾಳಿ ಹುಳಿ ನಾರಬೇಕಲ್ಲ
ಅಂದದ್ದು, ಆಶ್ಚರ್ಯ, ನಾನೇ.

ಲಾಡ್ಜಿನಲ್ಲಿ ವರದಿಯ ಹಾಳೆ.
ವಿಜ್ಞಾನದಲ್ಲಿ ಆಸಕ್ತಿ ಮೂಡಿದ ಮಕ್ಕಳ ಸಂಖ್ಯೆ?
ದಿನಾ ನಾನೂರು ಬರೆಯುವ ಕೈ ಒಂದು ಅಂತ ಬರೆಯಿತು.
ಆ ಒಂದೂ ನನ್ನ ಜ್ವಾಲಾಮುಖಿಯಿಂದಲೋ
ಅವಳವ್ವನ ಹುಣಸೆ ಸಾರಿನಿಂದಲೋ,
ಯಾರು ಹೇಳಬೇಕು? ಹೊಡೆದುಹಾಕಿದೆ.

ಕೆಳಗಿಳಿದು ಮಿರ್ಚಿ ಬಂಡಿಯವನಲ್ಲಿ
ಚಿಟಿಕೆ ಸೋಡಾ, ಎರಡು ನಿಂಬೆಹಣ್ಣು ಬೇಡಿ ತಂದೆ.
ಲಾಡ್ಜಿನ ಲೋಟದಲ್ಲಿ ಹಿಂಡಿ, ಸೋಡಾ ಉದುರಿಸಿ,
ನೋಡುವವರು ಯಾರೂ ಇಲ್ಲದೆ,
ನೊರೆ ಇಳಿಯುವತನಕ ಕೂತು, ನೆಕ್ಕಿದೆ.

ಇನ್ನೂ ಹುಳಿ.

ಸೋಡಾ ಸಾಲಲಿಲ್ಲವೋ, ಅವಳ ನಾಲಿಗೆಯೇ ಬೇರೆಯೋ?
ಹನ್ನೊಂದೂವರೆ. ಬಂಡಿ ಮುಚ್ಚಿದ್ದರೂ ಮುಚ್ಚಿರಬಹುದು.
ಚಪ್ಪಲಿ ಮೆಟ್ಟಿದೆ.