ಹದ

ಡೈರಿ ಗೋಡೆಗೆ ಅಂಟಿಸಿದ್ದ ನೋಟೀಸು ತಮಿಳಲ್ಲಿತ್ತು.
ಏಳನೇ ಕ್ಲಾಸಿನ ಮಗಳು ಹಾಲಿನ ಕ್ಯಾನು ಕೆಳಗಿಟ್ಟು ಓದಿದಳು:
ಮೂರು ದಿನ, ಸತ್ಯಮಂಗಲ, ಇಪ್ಪತ್ತು ಜನಕ್ಕೆ ಮಾತ್ರ,
ಟೊಮೆಟೊ ಕೆಡದ ಹಾಗೆ ಇಡುವುದನ್ನು ಕಲಿಸುತ್ತಾರೆ, ಊಟ ಇದೆ,
ಚಿಟ್ಟಾ ತರಬೇಕು.

ಚಿಟ್ಟಾ ಮಾವನ ಹೆಸರಲ್ಲಿದೆ.
ಮಾವ ಆ ಹೊಲದ ಬದುವಿನಲ್ಲೇ ಮಲಗಿ ಹನ್ನೊಂದು ವರ್ಷ.
ಒಂದು ಎಕರೆ ಮೂವತ್ತು ಸೆಂಟು. ಮಡಿ ಮಾಡಿದವಳು ನಾನು,
ನೆಟ್ಟವಳು ನಾನು, ರಾತ್ರಿ ಅಟ್ಟಣೆ ಮೇಲೆ ಕೂತು
ಆನೆಗೆ ತಗಡು ಬಡಿದವಳು ನಾನು;
ಕಾಗದ ಕೇಳಿದರೆ ಮಾತ್ರ ಸತ್ತವರನ್ನು ಎಬ್ಬಿಸಬೇಕು.
ತಾಳವಾಡಿ ಆಫೀಸಿನ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ
"ರೈತರು ಯಾರಮ್ಮ?" ಎಂದ.
ಅಂಗೈ ತೋರಿಸಿದೆ. ಟೊಮೆಟೊ ಗಿಡದ ಹಸಿರು ಕರೆ,
ಸೋಪಿಗೂ ಬಗ್ಗದ್ದು.
ಇಪ್ಪತ್ತೊಂದನೆಯ ಹೆಸರು ಬರೆದುಕೊಂಡ,
ಪೆನ್ಸಿಲಿನಲ್ಲಿ.

ದಿಂಬಂ ಇಳಿಯಲು ಇಪ್ಪತ್ತೇಳು ತಿರುವು.
ಒಂಬತ್ತನೆಯದರಲ್ಲಿ ಕಬ್ಬಿನ ಲಾರಿ ಸಿಕ್ಕಿಕೊಂಡು ಬಸ್ಸು ನಿಂತಿತು.
ಬೊಮ್ಮಿ ಕಿಟಕಿಯಾಚೆ ವಾಂತಿ ಮಾಡಿಕೊಂಡಳು.
ನಾವು ಮುಟ್ಟುವ ಹೊತ್ತಿಗೆ ಮೊದಲ ಪಾಠ ಮುಗಿದಿತ್ತು.
ಆ ದೊಡ್ಡ ಸ್ಟೀಲ್ ಪೆಟ್ಟಿಗೆಯ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.
ಬೆಲೆ ಗೊತ್ತು. ಪಕ್ಕದವಳು ಎರಡು ಸಲ ಹೇಳಿದಳು.

ಮೇಡಂ ಒಳ್ಳೆಯವರು, ಬೇಗ ಬೇಗ ಮಾತಾಡುವವರು.
ಸಂತೆಯ ತಮಿಳು ನನಗೆ ಬರುತ್ತದೆ:
ಎಷ್ಟು, ಬೇಡ, ತಕ್ಕಡಿ ನೆಟ್ಟಗೆ ಹಿಡಿ.
ಇದು ಬೇರೆ ತಮಿಳು.
ಉಪ್ಪು ಉಪ್ಪೇ. ಪುಳಿ ಅಂದರೆ ನಮ್ಮ ಹುಳಿ, ಪುಳು ನಮ್ಮ ಹುಳು.
ಅವರ ಪ ಬಂದ ಕಡೆ ನಮ್ಮ ಹ ಇಟ್ಟುಕೊಂಡು
ಬಿಟ್ಟು ಬಿಟ್ಟು ಹಿಡಿದೆ.
ಆದರೂ "ಪದಂ ಬರುವ ತನಕ ಕೈಯಾಡಿಸುತ್ತಾ ಇರಿ" ಎಂದಾಗ
ಪುಸ್ತಕದಲ್ಲಿ ಬರೆದುಕೊಂಡದ್ದು: ಪದ ಬರಬೇಕು.
ಟೊಮೆಟೊಗೆ ಎಂಥ ಪದ? ಯಾರು ಹೇಳಬೇಕು, ಯಾರು ಸೊಲ್ಲು ಹಿಡಿಯಬೇಕು?
ಕೈ ಎತ್ತಿ ಕೇಳಬಹುದಿತ್ತು.
ಇಪ್ಪತ್ತೊಂದನೆಯವಳು ಕೇಳಬಹುದೋ ಇಲ್ಲವೋ ಗೊತ್ತಿರಲಿಲ್ಲ.

ಮನೆಯಲ್ಲಿ ಮೊದಲ ಪಾತ್ರೆ ತಳ ಹತ್ತಿತು.
ಎರಡನೆಯದು ಸೀಸೆಯೊಳಗೆ ಆರನೆಯ ದಿನಕ್ಕೆ ಬಿಳಿ ಗಡ್ಡ ಬಿಟ್ಟಿತು.
ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಾ ನೋಡುತ್ತಿದ್ದ ಅತ್ತೆ
ಮೂರನೆಯ ಸಲ ಎದ್ದು ಬಂದು ಸೌಟು ಕಿತ್ತುಕೊಂಡರು.
ತಟ್ಟೆಗೆ ಒಂದು ಹನಿ, ತಟ್ಟೆ ವಾರೆ.
ಓಡಿತು.
ಇನ್ನಷ್ಟು ಕೈಯಾಡಿಸಿ ಇನ್ನೊಂದು ಹನಿ.
ನಿಂತಿತು.
"ಈಗ ಹದ ಕನವ್ವ" ಅಂದರು, ಆಲೆಮನೆಯಲ್ಲಿ ಬೆಳೆದವರು.

ಪದಂ.
ಹದ.
ಒಲೆ ಮುಂದೆ ಕೂತು ನಾನು ನಕ್ಕ ನಗೆಗೆ
ಅತ್ತೆ ಗಾಬರಿಯಾಗಿ ನೀರು ತಂದರು.

ಹದ ಅತ್ತೆಗೆ ಮೊದಲೇ ಗೊತ್ತಿತ್ತು, ನಿಜ.
ಸೀಸೆ ಕುದಿಸಬೇಕು, ತೇವದ ಚಮಚ ಮುಟ್ಟಿಸಬಾರದು,
ಮುಚ್ಚಳದ ಮೇಲೆ ತಾರೀಕು ಬರೆಯಬೇಕು: ಇದು ಗೊತ್ತಿರಲಿಲ್ಲ.
ಅವರ ಗೊಜ್ಜು ಎಂದೂ ಎಂಟು ದಿನ ದಾಟಿದ್ದಿಲ್ಲ.
ಈ ಸೀಸೆಗೆ ಈಗ ನಾಲ್ಕು ತಿಂಗಳು.
ಕಿಲೋಗೆ ಮೂರು ರೂಪಾಯಿ ಅಂತ ದನಕ್ಕೆ ಸುರಿಯಲು ಹೊರಟಿದ್ದ ಹಣ್ಣು ಇದು.

ಸರ್ಟಿಫಿಕೇಟು ಅಂಚೆಯಲ್ಲಿ ಬಂತು. ಮಗಳು ಓದಿ ಬಾಯಿ ಮುಚ್ಚಿಕೊಂಡಳು.
"ಅವ್ವ, ಅವರ ಅಕ್ಷರದಲ್ಲಿ ದುಂಡಮ್ಮ ಅಂತ ಬರೆದರೆ
ತುಂಡಮ್ಮ ಅಂತಲೂ ಓದಬಹುದು."
ಓದಲಿ ಬಿಡು. ಮೂರು ದಿನ ಹೆಚ್ಚಿದ್ದೂ ಅದನ್ನೇ.

ಮೊನ್ನೆ ಇನ್ನೊಂದು ನೋಟೀಸು ಬಂದಿದೆ, ಈ ಸಲ ಬೆಳ್ಳುಳ್ಳಿಗೆ.
ಕೆಳಗೆ ಕನ್ನಡದಲ್ಲಿ ಮಗಳ ಕೈಲಿ ಬರೆಸಿ ಅಂಟಿಸಿದ್ದೇನೆ:
ಹಿಂದಿನ ದಿನವೇ ಇಳಿಯಿರಿ, ಬೊಮ್ಮಿಯ ತಂಗಿ ಮನೆ ಇದೆ.
ಚಿಟ್ಟಾ ಇಲ್ಲದವರೂ ಹೋಗಿ.
ಪೆನ್ಸಿಲಾದರೂ ಸರಿ, ಬರೆಯುವ ತನಕ
ಕಿಟಕಿ ಬಿಟ್ಟು ಕದಲಬೇಡಿ.