ಹದಿಮೂರು ಜಡೆ ಈರುಳ್ಳಿ

ಸಿಕ್ಕಿದ್ದು ಇಷ್ಟೇ: ಹೆಪ್ಪುಗಟ್ಟಿದ ಪೇಯ್ಪ್ಸಿ ಸರೋವರದ ದಡದಲ್ಲಿ
ಒಂದು ಹಿಮಗಾಡಿ. ಅದರೊಳಗೆ ಹದಿಮೂರು ಜಡೆ ಈರುಳ್ಳಿ,
ಅರ್ಧ ಕುಡಿದ ಚಹಾದ ಫ್ಲಾಸ್ಕು,
ಒಂದೇ ಒಂದು ಕೈಗವಸು, ಎಡಗೈಯದು.
ಅಲ್ಲಿಂದಾಚೆಗೆ ಗಾಳಿ ಹೆಜ್ಜೆಗಳನ್ನೆಲ್ಲ ಗುಡಿಸಿ ಹಾಕಿತ್ತು.

ಹೋದವರು ಇಬ್ಬರು.
ಸವ್ವಾತಿ, ದೋಣಿ ರಿಪೇರಿಯವನು,
ಗಡ್ಡದಲ್ಲಿ ಸದಾ ಡಾಂಬರಿನ ವಾಸನೆ.
ಉಸ್ತಿನ್ಯಾ, ಅವನ ಸತ್ತ ತಮ್ಮನ ಹೆಂಡತಿ,
ಮೀನಿಗೆ ಹೊಗೆ ಕೊಡುವುದರಲ್ಲಿ ಎತ್ತಿದ ಕೈ.
ಹತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ, ಒಂದು ಬೇಲಿಯ ವಿಷಯಕ್ಕೆ.
ಮಾತು ಬಿಟ್ಟವರು ಒಂದೇ ಗಾಡಿ ಎಳೆದದ್ದು ಯಾಕೆ?

ಊರ ಬಾಯಿಗೆ ಮುಚ್ಚಳ ಉಂಟೆ.
ಮಂಜುಗಡ್ಡೆ ಬಿರಿಯಿತು ಎಂದರು ಮೀನುಗಾರರು,
ಹಿಂದಿನ ದಿನವಷ್ಟೇ ಅದರ ಮೇಲೆ ಲಾರಿ ಓಡಿಸಿದವರು.
ಪ್ರಾರ್ಥನೆ ಮುಗಿಸಿ ಬಂದ ಹೆಂಗಸರು ದನಿ ತಗ್ಗಿಸಿ:
ಜಗಳವೆಲ್ಲ ನಾಟಕ ಕಣೇ,
ಆ ಬೇಲಿಯಲ್ಲೊಂದು ಹಲಗೆ ಸಡಿಲವಿತ್ತು.
ನನ್ನ ಚಿಕ್ಕಪ್ಪ, ಕುಡಿದಾಗಲೆಲ್ಲ: ಸತ್ತಿಲ್ಲ ಅವರು,
ಯಾವುದೋ ಬಿಸಿಲೂರಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದಾರೆ.
ಉಸ್ತಿನ್ಯಾಳ ಮಗ ಏನೂ ಹೇಳಲಿಲ್ಲ.
ಬೇಲಿ ಕಿತ್ತ. ಸೌದೆ ಮಾಡಿದ.

ನನಗಾಗ ಎಂಟು ವರ್ಷ.
ಪಟ್ಟಣದಿಂದ ಬಂದ ಪೊಲೀಸಿನವನು, ಕೆಂಪು ಕಿವಿಯವನು,
ಒಂದು ಮಂಡಿಯೂರಿ, ಜೇಬಿನಿಂದ ಸಕ್ಕರೆಯ ಅಚ್ಚು ತೆಗೆದ,
ಅಂಟಿದ್ದ ಹೊಗೆಸೊಪ್ಪಿನ ಪುಡಿಯನ್ನು ಊದಿ ಕೊಟ್ಟ.
'ಯಾವ ಕಡೆ ಹೋದರು, ನೋಡಿದೆಯಾ ಅಕುಲೀನಾ?'
ನನ್ನ ಹೆಸರನ್ನು ಅಷ್ಟು ಮೆಲ್ಲಗೆ ಯಾರೂ ಕರೆದಿರಲಿಲ್ಲ.
ಪೂರ್ವಕ್ಕೆ, ಎಂದೆ. ಬೆರಳು ಚಾಚಿದೆ.

ನೋಡಿರಲಿಲ್ಲ.
ಆ ಬೆಳಿಗ್ಗೆ ನಾನು ಒಲೆಯ ಹಿಂದೆ
ಬೆಕ್ಕಿನ ಮರಿಗಳನ್ನು ಎಣಿಸುತ್ತಿದ್ದೆ.

ಹನ್ನೊಂದು ದಿನ ಪೂರ್ವವನ್ನೇ ಹುಡುಕಿದರು,
ನಾಯಿ, ಹಾರೆ, ಒಂದು ದಿನ ವಿಮಾನ ಕೂಡ.
ಉತ್ತರದ ಜೊಂಡನ್ನು ಯಾರೂ ಸರಿಸಲಿಲ್ಲ,
ದಕ್ಷಿಣದ ನಡುಗಡ್ಡೆಯಲ್ಲಿ ಯಾರ ಬಾಗಿಲನ್ನೂ ತಟ್ಟಲಿಲ್ಲ.
ಹನ್ನೆರಡನೆಯ ದಿನ ಮಂಜುಗಡ್ಡೆ ನೀರಾಗತೊಡಗಿತು.

ಇವತ್ತಿಗೂ ಯಾರು ಏನೇ ಊಹಿಸಲಿ,
ಊಹೆಯ ಒಂದು ಕಾಲು ನನ್ನ ಬೆರಳ ಮೇಲೆ.
ನನ್ನದೂ ಅಷ್ಟೇ. ರಾತ್ರಿ ಅವರನ್ನು ದಕ್ಷಿಣಕ್ಕೆ ತಿರುಗಿಸಲು ನೋಡುತ್ತೇನೆ;
ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಾರೆ,
ನೀನೇ ತಾನೇ ಹೇಳಿದ್ದು, ಎನ್ನುವ ಹಾಗೆ.

ಆಮೇಲೆ ಆ ಕೈಗವಸು.
ಅಂಥ ಚಳಿಯಲ್ಲಿ ಗವಸು ಬಿಚ್ಚುವುದು ಯಾತಕ್ಕೆ?
ಹಗ್ಗದ ಗಂಟು ಬಿಡಿಸಲು. ದುಡ್ಡು ಎಣಿಸಲು.
ಇನ್ನೊಂದು ಕೈ ಹಿಡಿಯಲು.
ಇದಕ್ಕಿಂತ ಮುಂದೆ ನನಗೆ ಹೊಳೆಯುವುದಿಲ್ಲ,
ಅದು ಯಾರ ಎಡಗೈ ಎಂಬುದನ್ನೂ ಯಾರೂ ಬರೆದಿಡಲಿಲ್ಲ.

ಈರುಳ್ಳಿ ಏನಾಯಿತೆಂದು ಯಾರೂ ಕೇಳುವುದಿಲ್ಲ.
ಸಾಕ್ಷ್ಯವೆಂದು ಠಾಣೆಯ ಗೋಡೆಗೆ ತೂಗುಹಾಕಿದ್ದರಂತೆ,
ಏಪ್ರಿಲಿನ ಹೊತ್ತಿಗೆ ಮೊಳಕೆ ಒಡೆದವಂತೆ,
ಹದಿಮೂರು ಜಡೆಯೂ ಹಸಿರಾಗಿ ಕಿಟಕಿಯ ಕಡೆ ಬಾಗಿದ್ದವಂತೆ.
ಕಿಟಕಿ ಯಾವ ದಿಕ್ಕಿಗಿತ್ತು?
ಹೇಳಿದವರು ಹೇಳಲಿಲ್ಲ. ನಾನೂ ಕೇಳಲಿಲ್ಲ.