ಗೊಬ್ಬರ ಬೇಡ

ಲ್ಯಾವೆಂಡರ್ ಹಿಲ್ ಅಂತ ಹೆಸರು.
ಲ್ಯಾವೆಂಡರೂ ಇಲ್ಲ, ಹಿಲ್ಲೂ ಇಲ್ಲ.
ಕೇಪ್‌ಟೌನಿನ ಬೆನ್ನ ಹಿಂದೆ ಬರೀ ಮರಳು,
ಮರಳ ಮೇಲೆ ಮೂರಂತಸ್ತಿನ ಸರ್ಕಾರಿ ವಠಾರ,
ಅದರ ಮೆಟ್ಟಿಲಿಗೂ ಬಟ್ಟೆ ಹರವುವ ತಂತಿಗೂ ನಡುವೆ
ಎಂಟಡಿ ಉದ್ದ ಮೂರಡಿ ಅಗಲ
ಯಾರ ಲೆಕ್ಕಕ್ಕೂ ಸೇರದ ಸಿಮೆಂಟು.

ಅಮ್ಮ ಅದನ್ನು ಮೊಳ ಹಾಕಿ ಅಳೆದಳು.
ಪಕ್ಕದಲ್ಲಿ ಟೇಪು ಹಿಡಿದು ನಿಂತವನನ್ನು ಕೇಳಲೇ ಇಲ್ಲ.

"ನಿಮ್ಮ ಮಂಚ ಬಿಚ್ಚು" ಅಂದಳು.
ನಾನೂ ತಮ್ಮ ತಾಶ್ರೀಕನೂ ಹದಿನಾಲ್ಕು ವರ್ಷ
ಮೇಲೊಬ್ಬ ಕೆಳಗೊಬ್ಬ ಮಲಗಿದ್ದ ಮಂಚ.
ಒಂದು ಹಲಗೆಗೆ ಇನ್ನೂ ಅಂಟಿದ್ದ ಯಾವನೋ ಗೋಲ್‌ಕೀಪರು,
ಇನ್ನೊಂದರಲ್ಲಿ ಮೊಳೆಯಿಂದ ಕೆತ್ತಿದ ಬೈಗುಳ, ನನ್ನದೇ ಹೆಸರಿಗೆ.
ಅದನ್ನು ಒಳಮುಖ ಮಾಡಿ ಜೋಡಿಸಿದೆ.
ಬೇರುಗಳು ಓದಿಕೊಳ್ಳಲಿ.

ತಳಕ್ಕೆ ಒಡೆದ ಇಟ್ಟಿಗೆ. ಮೇಲೆ ಮರಳು,
ಸೂಪರ್‌ಮಾರ್ಕೆಟ್ಟಿನ ಕುಂಟು ತಳ್ಳುಗಾಡಿಯಲ್ಲಿ ಹದಿನೇಳು ಸಲ.
ಪಾತಿ ಸೊಂಟದೆತ್ತರ ಬರಬೇಕು,
ಅಮ್ಮನ ಮಂಡಿ ಈಗ ಯಾರಿಗೂ ಬಗ್ಗುವುದಿಲ್ಲ.

ಸುದ್ದಿ ಮೆಟ್ಟಿಲು ಹತ್ತಿತು.
ಎರಡನೇ ಮಹಡಿಯ ಡೆಲ್ಮರೀ ಬಕೆಟ್ ತುಂಬ ಕೋಳಿಗೊಬ್ಬರ ತಂದಳು,
ಪೀಟರ್ಸೆನ್ ಮುದುಕ ಚಹಾದ ಚರಟ, ಆಲೂಗಡ್ಡೆ ಸಿಪ್ಪೆ,
ಯಾರೋ ಪಾಲಕ್ ಬೀಜ.
ಅಮ್ಮ ಎಲ್ಲರ ಕೈಗೂ ಸಮೋಸ ಇಟ್ಟು
ಎಲ್ಲವನ್ನೂ ವಾಪಸು ಕಳಿಸಿದಳು.

"ಇವು ಈ ಮರಳಿನವು. ಉಣ್ಣಿಸಿದರೆ ಸಾಯ್ತವೆ.
ನಮ್ಮನ್ನು ಲಾರಿಯಲ್ಲಿ ತಂದು ಇಲ್ಲಿ ಸುರಿದರಲ್ಲ,
ಅವತ್ತು ಇಲ್ಲೇ ಇದ್ದವು, ಮೊಣಕಾಲುದ್ದ, ಗುಲಾಬಿ ಬಣ್ಣ.
ನನಗೆ ಒಂಬತ್ತು. ಸಿಟ್ಟಿಗೆ ಒಂದು ಹಿಡಿ ಕಿತ್ತೆ.
ಮಿಕ್ಕಿದ್ದನ್ನು ಬುಲ್ಡೋಜರ್ ಕಿತ್ತಿತು."
ಅಷ್ಟು ಹೇಳಿ ಉಪ್ಪಿನ ಡಬ್ಬಿ ಹುಡುಕತೊಡಗಿದಳು.

ಕಾಡು ಸುಟ್ಟ ಮೇಲೆ ಮೊಳೆಯುವ ಜಾತಿ,
ಹೊಗೆ ಕುಡಿಯದೆ ಕಣ್ಣು ಬಿಡುವುದಿಲ್ಲವಂತೆ.
ವಠಾರಕ್ಕೆ ಬೆಂಕಿ ಇಡಲಾದೀತೇ?
ಶನಿವಾರ ತಾಶ್ರೀಕ ಮಾಂಸ ಸುಡುವ ಡ್ರಮ್ಮಿನ ಪಕ್ಕ
ನೀರಿನ ಬಾಣಲೆ ಇಟ್ಟು, ಗೋಣಿ ಮುಚ್ಚಿ, ಕೂತೇ ಕೂತಳು.
ಕಣ್ಣಲ್ಲಿ ನೀರು. ಹೊಗೆಗೇ ಇರಬೇಕು.
ಆ ನೀರಲ್ಲಿ ಬೀಜ ಇಡೀ ರಾತ್ರಿ ನೆನೆಯಿತು,
ಕುರಿಯ ಕೊಬ್ಬಿನ ವಾಸನೆಗೆ ನನಗೆ ನಿದ್ದೆ ಬರಲಿಲ್ಲ.

ಏಪ್ರಿಲ್ ಹೋಯಿತು. ಮೇ. ವಾಯವ್ಯದ ಮಳೆ ಹಿಡಿಯಿತು.
"ಮುನಾ ಆಂಟೀ, ಯಾರನ್ನು ಹೂತಿದ್ದೀ ಅಲ್ಲಿ?"
ಡೆಲ್ಮರೀ ದಿನಾ ಕೇಳುತ್ತಾಳೆ.
ಮೂರು ಸಲ ಚೆಂಡು ಬಿತ್ತು. ಒಂದು ಸಲ ಬೆಕ್ಕು
ತನ್ನ ಗೊಬ್ಬರ ತಾನೇ ಕೊಟ್ಟು ಹೋಯಿತು.

ಇವತ್ತು ಬೆಳಿಗ್ಗೆ, ಬೈಗುಳದ ಹಲಗೆಗೆ ಒತ್ತಿಕೊಂಡು,
ಗುಂಡುಸೂಜಿಯ ತಲೆಯಷ್ಟು ಹಸಿರು.
ಕಳೆಯೋ, ಅದೋ, ತಿಳಿಯಲಿಲ್ಲ.
ಕೀಳಲು ಬೆರಳು ಚಾಚಿದ್ದೇ ತಡ
ಮಹಡಿಯಿಂದ ಅಮ್ಮನ ದನಿ:
"ಏಯ್, ಬಿಡೋ.
ಮೊದಲು ಕೂತುಕೊಳ್ಳಲಿ.
ಹೆಸರು ಆಮೇಲೆ ಕೇಳೋಣ."